ಆಕಾಶಮಾರ್ಗ ಮತ್ತು ಅಳತೆಯ ಉಸಿರು

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆಯ ಮನೆಗಳಲ್ಲಿ ಪಾಸ್‌ಪೋರ್ಟ್ ಎಂಬುದು ಈಗ ಅಪೂರ್ವ ವಸ್ತುವಾಗಿ ಉಳಿದಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿ ಮುಂಬಯಿಗೋ ಮದರಾಸಿಗೋ ಹೋಗಿಬಂದವರನ್ನೇ ಊರವರು ಬೆರಗಿನಿಂದ ನೋಡುತ್ತಿದ್ದ ಕಾಲವೊಂದಿತ್ತು. ಇಂದು ಮಗ ಕೊಲ್ಲಿಯ ನಾಡಿನಲ್ಲಿರುತ್ತಾನೆ, ಮಗಳು ಅಮೆರಿಕದಲ್ಲಿರುತ್ತಾಳೆ. 2008ರಲ್ಲಿ ಹೈದರಾಬಾದಿನ ಶಂಶಾಬಾದಿನಲ್ಲಿ ಹೊಸ ವಿಮಾನ ನಿಲ್ದಾಣ ತೆರೆಯಿತು; ತಾಂಡೂರಿನ ಹಾದಿಯಾಗಿ ಬೆಳಿಗ್ಗೆ ಹೊರಟವರು ರಾತ್ರಿಯ ಹೊತ್ತಿಗೆ ಸಮುದ್ರದ ಮೇಲೆ ಹಾರುತ್ತಿರುವುದು ಸಾಧ್ಯವಾಯಿತು. 2019ರ ನವೆಂಬರ್ 22ರಂದು ಕಲಬುರಗಿಯಲ್ಲಿಯೇ ಒಂದು ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು.

ಹೀಗೆ ಹೊರಡುವವರಲ್ಲಿ ಅನೇಕರು ವಯಸ್ಸಾದವರು. ಮಗಳ ಬಾಣಂತನಕ್ಕೆಂದು ಹೊರಟ ತಾಯಿ, ಮೊಮ್ಮಗನ ಮುಖ ನೋಡಬೇಕೆಂಬ ಮುತ್ಯಾ, ಜೀವಮಾನದ ಉಳಿತಾಯವನ್ನು ಕೂಡಿಸಿ ಹಜ್ ಯಾತ್ರೆಗೆ ಹೊರಟ ವೃದ್ಧ ದಂಪತಿಗಳು. ಇವರಲ್ಲಿ ಕೆಲವರ ಎದೆಯಲ್ಲಿ ಹತ್ತಿಪ್ಪತ್ತು ವರ್ಷಗಳಿಂದ ಮನೆ ಮಾಡಿಕೊಂಡ ಕಾಯಿಲೆಯಿದೆ. ಇಂಥವರು ವಿಮಾನವೇರಬಹುದೇ? ಅದನ್ನು ನಿರ್ಧರಿಸುವವರು ಯಾರು, ಯಾವ ಅಳತೆಗೋಲಿನಿಂದ? ಈ ಪ್ರಶ್ನೆಯನ್ನು ಕುರಿತು ತಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳುವುದು ಇಂದಿನ ನನ್ನ ಉದ್ದೇಶ.

ಮೊದಲು ಈ ನೆಲದ ಉಸಿರಿನ ಕಥೆಯನ್ನು ಸ್ವಲ್ಪ ನೋಡೋಣ. ನೃಪತುಂಗನ ಮಾನ್ಯಖೇಟವೇ ಇಂದಿನ ಮಳಖೇಡ; 'ಕವಿರಾಜಮಾರ್ಗ' ಮೂಡಿದ ಆಸ್ಥಾನವಿದ್ದ ಊರಿನ ಆಸುಪಾಸಿನಲ್ಲಿ ಇಂದು ಸಿಮೆಂಟು ಕಾರ್ಖಾನೆಯ ಚಿಮಣಿಗಳು ಎದ್ದು ನಿಂತಿವೆ. ವಾಡಿಯಲ್ಲಿಯೂ ಸೇಡಂನಲ್ಲಿಯೂ ಹಾಗೆಯೇ. ಶಹಾಬಾದಿನ ಫರಸಿ ಕಲ್ಲು ನಾಡಿನ ಎಷ್ಟೋ ಮನೆಗಳ ನೆಲಕ್ಕೆ ತಂಪು ಕೊಟ್ಟಿದೆ. ಅದನ್ನು ಎಬ್ಬಿಸಿ ಸೀಳಿದವರ ಎದೆಗೆ ಧೂಳು ಕೊಟ್ಟಿದೆ. ಇದು ಸುಣ್ಣದ ಕಲ್ಲು, ಮರಳುಗಲ್ಲಿನಲ್ಲಿರುವಷ್ಟು ಸಿಲಿಕಾ ಇದರಲ್ಲಿಲ್ಲ ಎಂಬುದು ನಿಜ. ಆದರೆ ಮೂವತ್ತು ವರ್ಷ ಧೂಳು ಕುಡಿದ ಶ್ವಾಸನಾಳಕ್ಕೆ ಆ ಮಾತಿನಿಂದ ಹೆಚ್ಚಿನ ಸಮಾಧಾನವೇನೂ ಸಿಗದು. ಬೀಡಿಯ ಪಾಲು ಬೇರೆಯೇ ಇದೆ. ಹಳೆಯ ಕ್ಷಯ ವಾಸಿಯಾಗಿ ಬಿಟ್ಟುಹೋದ ಕಲೆಗಳ ಪಾಲು ಇನ್ನೊಂದು.

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿಗೆ ಬರುವುದು ಒಲೆಯ ಮುಂದೆ ಕುಳಿತ ಹೆಂಗಸು. ಇದು ತೊಗರಿಯ ಸೀಮೆ. ರಾಶಿಯಾದ ಮೇಲೆ ಉಳಿಯುವ ತೊಗರಿ ಕಟ್ಟಿಗೆಯೇ ಬಡವರ ಉರುವಲು, ಜೊತೆಗೆ ಕುಳ್ಳು. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ದಿನಕ್ಕೆರಡು ಹೊತ್ತು ಜೋಳದ ರೊಟ್ಟಿ ಬಡಿಯುತ್ತ ನಲವತ್ತು ವರ್ಷ ಕಳೆದವಳು ಒಂದು ಬೀಡಿಯನ್ನೂ ಮುಟ್ಟಿದವಳಲ್ಲ. ಆದರೂ ಅವಳ ಶ್ವಾಸನಾಳಗಳು ಬಿಗಿದುಕೊಂಡಿರುತ್ತವೆ, ಗಾಳಿಯ ಗೂಡುಗಳ ತೆಳುಗೋಡೆಗಳು ಸವೆದುಹೋಗಿರುತ್ತವೆ. ವೈದ್ಯರು ಇದನ್ನು ಸಿ.ಓ.ಪಿ.ಡಿ. ಎನ್ನುತ್ತಾರೆ. ಅವಳು ಮಾತ್ರ 'ದಮ್ಮು' ಎನ್ನುತ್ತಾಳೆ, ವಯಸ್ಸಾಯಿತಲ್ಲ ಎಂದು ಸುಮ್ಮನಾಗುತ್ತಾಳೆ.

ಇಂಥ ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. ಸೇಡಂ ತಾಲ್ಲೂಕಿನವಳು, ಅರವತ್ತೈದು ವರ್ಷ, ಮಗಳು ಅಮೆರಿಕದಲ್ಲಿ ಬಸುರಿ. ಮಗ ಅವಳನ್ನು ವೈದ್ಯರ ಮುಂದೆ ಕೂರಿಸಿ, "ಸರ, ಟಿಕೀಟ್ ತಗದೀವ್ರಿ, ಅವ್ವಗ ಒಂದ್ ಸರ್ಟಿಫಿಕೇಟ್ ಬರದು ಕೊಡ್ರಿ" ಎನ್ನುತ್ತಾನೆ. "ಹ್ಯಾಂಗ ಅದೀರಿ ಅವ್ವಾ?" ಎಂದು ಕೇಳಿದರೆ, "ಕುಂತ್ರ ಏನೂ ಇಲ್ರೀ ಯಪ್ಪಾ, ನಡದ್ರಷ್ಟ ದಮ್ಮು ಹತ್ತತದ" ಎಂಬ ಉತ್ತರ ಬರುತ್ತದೆ. ವಿಮಾನದಲ್ಲಿ ಕೂಡುವುದೇ ತಾನೇ? ನಡೆಯುವ ಪ್ರಮೇಯವೆಲ್ಲಿ? ಈ ತರ್ಕ ಎಷ್ಟು ಸಹಜವೋ ಅಷ್ಟೇ ಅಪಾಯಕರ. ಸೇಡಂನ ಕುರ್ಚಿಯೂ ಆಕಾಶದಲ್ಲಿಯ ಕುರ್ಚಿಯೂ ಒಂದೇ ಅಲ್ಲವೆಂಬುದನ್ನು ಅದು ಮರೆಯುತ್ತದೆ.

ಪುಷ್ಪಕ ವಿಮಾನವೇರಿದವರಿಗೆ ಉಸಿರು ಕಟ್ಟುವ ಚಿಂತೆಯನ್ನು ನಮ್ಮ ಕವಿಗಳು ಹಚ್ಚಲಿಲ್ಲ. ನಮ್ಮ ಕಾಲದ ವಿಮಾನ ಹಾರುವುದು ಮೂವತ್ತರಿಂದ ನಲವತ್ತು ಸಾವಿರ ಅಡಿಗಳ ಎತ್ತರದಲ್ಲಿ. ಅಲ್ಲಿಯ ಗಾಳಿಯಲ್ಲಿ ಮನುಷ್ಯ ಕೆಲವು ನಿಮಿಷವೂ ಎಚ್ಚರದಿಂದಿರಲಾರ. ಆದ್ದರಿಂದ ಒಳಗೆ ಗಾಳಿಯನ್ನು ಒತ್ತಿ ತುಂಬುತ್ತಾರೆ. ಆದರೆ ನೆಲದ ಮಟ್ಟದ ಒತ್ತಡವನ್ನೇ ಒಳಗೆ ಕಾಪಾಡಿಕೊಂಡರೆ ವಿಮಾನದ ಮೈಗೆ ಆ ಭಾರ ತಡೆಯುವಷ್ಟು ಗಟ್ಟಿಯಾದ ಕವಚ ಬೇಕು. ಗಟ್ಟಿ ಕವಚವೆಂದರೆ ತೂಕ, ತೂಕವೆಂದರೆ ಇಂಧನ. ಹೀಗಾಗಿ ನಡುವಿನ ಒಂದು ಒಪ್ಪಂದಕ್ಕೆ ಬಂದಿದ್ದಾರೆ: ಒಳಗಿನ ಗಾಳಿ ಹೆಚ್ಚೆಂದರೆ 8000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು ತೆಳುವಾಗಿರಬಹುದು. ಉದಕಮಂಡಲದ ಪೇಟೆಗಿಂತ ಮೇಲೆ, ದೊಡ್ಡಬೆಟ್ಟದ ನೆತ್ತಿಗಿಂತ ಸ್ವಲ್ಪ ಕೆಳಗೆ ಎಂದಿಟ್ಟುಕೊಳ್ಳಿ. ಸುಮಾರು ಒಂದೂವರೆ ಸಾವಿರ ಅಡಿಯ ಎತ್ತರದಲ್ಲಿರುವ ನಮ್ಮ ಸೀಮೆಯಿಂದ ಆ ತಾಯಿಯನ್ನು ಅರ್ಧ ಗಂಟೆಯೊಳಗೆ ಅಲ್ಲಿಗೆ ಎತ್ತಿ ಕೂರಿಸಿ, ಹದಿನಾಲ್ಕು ಹದಿನೈದು ಗಂಟೆ ಅಲ್ಲಿಯೇ ಇರಿಸಿದಂತೆ. ಒಪ್ಪಂದವೇನೋ ಆರೋಗ್ಯವಂತರಿಗೆ ಸರಿಯಾದದ್ದೇ. ಅದನ್ನು ಮಾಡಿಕೊಳ್ಳುವಾಗ ಒಲೆಯ ಹೊಗೆ ಕುಡಿದವರನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಾರರು.

ಎತ್ತರಕ್ಕೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ನೂರಕ್ಕೆ ಇಪ್ಪತ್ತೊಂದರ ಪಾಲು ಎಲ್ಲಿಯೂ ಅಷ್ಟೇ. ಕುಗ್ಗುವುದು ಗಾಳಿಯ ಒಟ್ಟು ಒತ್ತಡ. ಸಮುದ್ರ ಮಟ್ಟದಲ್ಲಿ ಅದು ಪಾದರಸದ 760 ಮಿಲಿಮೀಟರ್. ನಮ್ಮಲ್ಲಿ ಸುಮಾರು 720. 8000 ಅಡಿಯಲ್ಲಿ ಸುಮಾರು 565. ಒತ್ತುವ ಕೈ ಸಡಿಲವಾದಾಗ ರಕ್ತದೊಳಕ್ಕೆ ನುಗ್ಗುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಸಮುದ್ರ ತೀರದಲ್ಲಿ ಕುಳಿತು, ನೂರಕ್ಕೆ ಹದಿನೈದರಷ್ಟು ಮಾತ್ರ ಆಮ್ಲಜನಕವಿರುವ ಗಾಳಿಯನ್ನು ಸೇವಿಸಿದರೆ ಹೇಗೋ ಹಾಗೆ. ಈ 'ಹದಿನೈದು' ಎಂಬ ಸಂಖ್ಯೆಯನ್ನು ನೆನಪಿಡಿ. ಮುಂದೆ ಅದರಿಂದ ಪ್ರಯೋಜನವಿದೆ.

ಇದರಿಂದ ಆರೋಗ್ಯವಂತರಿಗೆ ಏನೂ ಆಗುವುದಿಲ್ಲವೇಕೆ, ರೋಗಿಗೆ ಆಗುವುದೇಕೆ? ಚಿಂಚೋಳಿಯ ಕಾಡಿನಲ್ಲಿ ಚಂದ್ರಂಪಳ್ಳಿ ಜಲಾಶಯದ ಸುತ್ತಣ ಗುಡ್ಡಗಳನ್ನು ಹತ್ತಿದವರು ಈ ಹೋಲಿಕೆಯನ್ನು ಸುಲಭವಾಗಿ ಗ್ರಹಿಸಬಲ್ಲರು. ಗುಡ್ಡದ ತಲೆಯ ಮೇಲೆ ಸಮತಟ್ಟಾದ ಬಯಲಿದೆಯೆನ್ನಿ. ಅದರ ನಡುವೆ ನಿಂತವನು ನೂರು ಹೆಜ್ಜೆ ಹಿಂದೆ ಸರಿದರೂ ಬಯಲಿನಲ್ಲೇ ಇರುತ್ತಾನೆ. ಅಂಚಿನಲ್ಲಿ ನಿಂತವನು ಹತ್ತು ಹೆಜ್ಜೆ ಸರಿದರೆ ಇಳಿಜಾರಿಗೆ ಬೀಳುತ್ತಾನೆ. ನಮ್ಮ ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ರೀತಿಯೂ ಇಂಥದೇ. ಅಪಧಮನಿಯ ರಕ್ತದಲ್ಲಿ ಆಮ್ಲಜನಕದ ಒತ್ತಡ ತೊಂಬತ್ತಿರಲಿ, ಎಪ್ಪತ್ತಿರಲಿ, ತುಂಬಿಕೆಯ ಪ್ರಮಾಣ ನೂರಕ್ಕೆ ತೊಂಬತ್ತಕ್ಕಿಂತ ಮೇಲೆಯೇ ನಿಲ್ಲುತ್ತದೆ, ಅದು ಬಯಲು. ಅರವತ್ತರ ಕೆಳಗೆ ಇಳಿದೊಡನೆ ಇಳಿಜಾರು ಕಡಿದಾಗುತ್ತದೆ. ಆರೋಗ್ಯವಂತನು ಮೇಲಕ್ಕೆ ಹೋದಾಗ ಅರವತ್ತರಿಂದ ಎಪ್ಪತ್ತೈದರ ನಡುವೆ ಎಲ್ಲೋ ನಿಲ್ಲುತ್ತಾನೆ. ಜೊತೆಗೆ ತನಗೆ ಅರಿವಿಲ್ಲದೆಯೇ ಉಸಿರಾಟವನ್ನು ಕೊಂಚ ಹೆಚ್ಚಿಸಿಕೊಳ್ಳುತ್ತಾನೆ. ನೆಲದ ಮೇಲೆಯೇ ಎಪ್ಪತ್ತರಲ್ಲಿ ನಿಂತಿರುವ ಆ ತಾಯಿ ಮೇಲೆ ಐವತ್ತರ ಆಸುಪಾಸಿಗೆ ಇಳಿಯಬಹುದು. ಉಸಿರಾಟ ಹೆಚ್ಚಿಸಿಕೊಳ್ಳೋಣವೆಂದರೆ ಬಿಗಿದ ಶ್ವಾಸನಾಳ ಬಿಡದು. ಹೃದಯವೊಂದೇ ಓಡಬೇಕು. ನಡುರಾತ್ರಿಯಲ್ಲಿ ಎದ್ದು ಶೌಚಾಲಯದವರೆಗೆ ನಡೆದರಂತೂ ಇನ್ನಷ್ಟು ಕುಸಿತ.

ಹಾಗೆ ಕುಸಿದಾಗ ಅವಳಿಗೆ ತಿಳಿಯುವುದಿಲ್ಲವೇ, ಹೇಳಲಾರಳೇ ಎಂದು ತಾವು ಕೇಳಬಹುದು. ಇದಕ್ಕೆ ಉತ್ತರವಾಗಿ ನೂರೈವತ್ತು ವರ್ಷಗಳ ಹಿಂದಿನ ಒಂದು ಘಟನೆಯಿದೆ. 1875ರ ಏಪ್ರಿಲ್ 15ರಂದು ಫ್ರಾನ್ಸಿನಲ್ಲಿ 'ಜೆನಿತ್' ಎಂಬ ಹೊಗೆಯಿಲ್ಲದ ಅನಿಲದ ಬಲೂನನ್ನೇರಿ ಮೂವರು ಮೇಲಕ್ಕೆ ಹೋದರು: ಕ್ರೋಚೆ-ಸ್ಪಿನೆಲ್ಲಿ, ಸಿವೆಲ್, ಗಾಸ್ತೋನ್ ತಿಸ್ಸಾಂದಿಯೇ. ಅವರೊಡನೆ ಆಮ್ಲಜನಕ ತುಂಬಿದ ಚೀಲಗಳಿದ್ದವು. ವಾಯುಭಾರದ ವಿಷಯದಲ್ಲಿ ಆ ಕಾಲದ ಮಹಾಪಂಡಿತನಾದ ಪೋಲ್ ಬೇರ್, ಅಷ್ಟು ಸಾಲದೆಂದು ಮೊದಲೇ ಕಾಗದ ಬರೆದು ಎಚ್ಚರಿಸಿದ್ದ. ಬಲೂನು ಎಂಟು ಸಾವಿರ ಮೀಟರಿನ ಎತ್ತರವನ್ನು ಮುಟ್ಟಿತು. ಮರಳಿ ಇಳಿದಾಗ ಜೀವಂತವಾಗಿದ್ದವನು ತಿಸ್ಸಾಂದಿಯೇ ಒಬ್ಬನೇ. ಅವನು ಮುಂದೆ ಬರೆದಿಟ್ಟ ಸಂಗತಿ ಗಮನಾರ್ಹವಾದುದು. ಅವನಿಗೆ ಸಂಕಟವಾಗಲಿಲ್ಲ, ಸುತ್ತಲೂ ಬೆಳಕು ತುಂಬಿದಂಥ ಒಳಗಿನ ಸಂತೋಷವಾಯಿತು, ಯಾವುದರ ಭಯವೂ ಉಳಿಯಲಿಲ್ಲ. ಕೈಯನ್ನು ಚಾಚಿ ಆಮ್ಲಜನಕದ ನಳಿಕೆಯನ್ನು ಹಿಡಿಯಬೇಕೆಂದರೆ ಕೈ ಮೇಲೇಳಲಿಲ್ಲ.

ವಿಮಾನದೊಳಗಣ ಗಾಳಿ ಅಷ್ಟು ಭೀಕರವೇನೂ ಅಲ್ಲ. ಹೋಲಿಕೆಯನ್ನು ಹೆಚ್ಚು ಎಳೆಯುವುದು ಬೇಡ. ಆದರೆ ಆಮ್ಲಜನಕದ ಕೊರತೆ ತನ್ನ ಬರವನ್ನು ತಾನೇ ಡಂಗುರ ಹೊಡೆದು ಸಾರುವುದಿಲ್ಲವೆಂಬ ಮಾತು ಎರಡು ಕಡೆಯೂ ಸತ್ಯ. ದಮ್ಮು ಹತ್ತುವುದು ಬೇರೆ, ಆಮ್ಲಜನಕ ಇಳಿಯುವುದು ಬೇರೆ. ಕೆಲವರು ಆಮ್ಲಜನಕ ಚೆನ್ನಾಗಿದ್ದೂ ಏದುಸಿರು ಬಿಡುತ್ತಾರೆ. ಕೆಲವರು ಎಂಬತ್ತೈದಕ್ಕೆ ಇಳಿದಿದ್ದೂ "ಛಲೋ ಅದೀನ್ರಿ" ಎನ್ನುತ್ತಾರೆ. ಪಕ್ಕದ ಪ್ರಯಾಣಿಕನ ಕಣ್ಣಿಗೆ ಅವಳು ತೂಕಡಿಸುತ್ತಿರುವ ಮುದುಕಿ, ಅಷ್ಟೆ. ಆದ್ದರಿಂದಲೇ ಅಳೆಯಬೇಕು, ಕೇಳಿ ತಿಳಿಯುವುದು ಸಾಲದು.

ಅಳೆಯುವುದು ಹೇಗೆ? ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರವನ್ನು 2020 ಮತ್ತು 21ರ ಆ ಕೆಟ್ಟ ದಿನಗಳಲ್ಲಿ ನಾವೆಲ್ಲರೂ ಕಂಡಿದ್ದೇವೆ. ಅದರ ಮೂಲತತ್ವವನ್ನು 1974ರಲ್ಲಿ ಜಪಾನಿನ ತಕುವೊ ಅವೊಯಾಗಿ ಎಂಬ ಎಂಜಿನಿಯರು ರೂಪಿಸಿದ. ಬಹಳ ಉಪಕಾರದ ವಸ್ತು, ಆದರೆ ದೇವರ ವಾಕ್ಯವಲ್ಲ. ಉಗುರಿನ ಬಣ್ಣ, ತಣ್ಣಗಾದ ಬೆರಳು ಇವು ಅದನ್ನು ದಾರಿ ತಪ್ಪಿಸುತ್ತವೆ. ಕಪ್ಪು ಮೈಬಣ್ಣದವರಲ್ಲಿ ಅದು ನಿಜಕ್ಕಿಂತ ಹೆಚ್ಚು ತೋರಿಸುವ ಸಂಭವವುಂಟೆಂದು 2020ರಲ್ಲಿ ಅಮೆರಿಕದ ವೈದ್ಯರು ರೋಗಿಗಳ ರಕ್ತವನ್ನೇ ಪರೀಕ್ಷಿಸಿ ತೋರಿಸಿದರು. ನಮ್ಮ ನಾಡಿನಲ್ಲಿ ಇದು ನೆನಪಿಡಬೇಕಾದ ಸಂಗತಿ.

ಬ್ರಿಟನ್ನಿನ ಎದೆರೋಗ ತಜ್ಞರ ಸಂಘ 2002ರಲ್ಲಿ ಈ ವಿಷಯಕ್ಕೆ ಒಂದು ಮಾರ್ಗಸೂಚಿಯನ್ನು ಹೊರಡಿಸಿತು. ವಿಶ್ರಾಂತಿಯಲ್ಲಿ ಬೆರಳಿನ ಯಂತ್ರ 95ಕ್ಕಿಂತ ಹೆಚ್ಚು ತೋರಿಸಿದರೆ ಚಿಂತೆಯಿಲ್ಲ. 92ಕ್ಕಿಂತ ಕಡಿಮೆಯಿದ್ದರೆ ವಿಮಾನದಲ್ಲಿ ಆಮ್ಲಜನಕ ಬೇಕು. ನಡುವಿನವರಲ್ಲಿ ಬೇರೆ ಅಪಾಯದ ಕಾರಣಗಳಿದ್ದರೆ ಮುಂದಿನ ಪರೀಕ್ಷೆ. ನೆನಪಿಡಲು ಅನುಕೂಲವಾದ ಸೂತ್ರ. ಆದರೆ ಕೂತಾಗಿನ ಒಂದು ಸಂಖ್ಯೆ ಮೇಲೆ ನಡೆಯುವುದನ್ನು ನಂಬಿಕೆಯಿಂದ ಮುನ್ಸೂಚಿಸಲಾರದೆಂದು ಅನುಭವ ಕಲಿಸಿತು. 2011ರಲ್ಲಿಯೂ 2022ರಲ್ಲಿಯೂ ಅದೇ ಸಂಘ ತನ್ನ ಮಾತನ್ನು ತಿದ್ದಿಕೊಂಡು ಬರೆಯಿತು. ಈಗ ನಡಿಗೆಗೂ ಬೆಲೆ ಬಂದಿದೆ. ಸಮತಟ್ಟಾದ ನೆಲದಲ್ಲಿ ಆರು ನಿಮಿಷ ನಡೆಸಿ, ಎಷ್ಟು ದೂರ ನಡೆದರು, ಸಂಖ್ಯೆ ಎಲ್ಲಿಗೆ ಇಳಿಯಿತು ಎಂದು ನೋಡುತ್ತಾರೆ. ಐವತ್ತು ಮೀಟರು ನಡೆಯಬಲ್ಲವನು, ಒಂದು ಅಂತಸ್ತಿನ ಮೆಟ್ಟಿಲೇರಬಲ್ಲವನು ಹಾರಬಹುದೆಂಬ ಹಳೆಯ ವಾಡಿಕೆಯೂ ಇದೆ. ಅದು ಒರಟು ಅಳತೆ. ಏನೂ ನೋಡದಿರುವುದಕ್ಕಿಂತ ವಾಸಿ.

ಸಂದೇಹ ಉಳಿದವರಿಗೆ ಒಂದು ಸೊಗಸಾದ ಪರೀಕ್ಷೆಯುಂಟು. ರೋಗಿಯನ್ನು ಆಕಾಶಕ್ಕೆ ಕಳಿಸುವ ಬದಲು ಆಕಾಶವನ್ನೇ ರೋಗಿಯ ಬಳಿಗೆ ತರುವುದು. ಆಗಲೇ ಹೇಳಿದ ಆ ಹದಿನೈದು ಇಲ್ಲಿ ಬರುತ್ತದೆ. ಸಾರಜನಕವನ್ನು ಬೆರೆಸಿ ಆಮ್ಲಜನಕವನ್ನು ನೂರಕ್ಕೆ ಹದಿನೈದಕ್ಕೆ ಇಳಿಸಿದ ಗಾಳಿಯನ್ನು ಮುಖವಾಡದ ಮೂಲಕ ಇಪ್ಪತ್ತು ನಿಮಿಷ ಉಸಿರಾಡಿಸುತ್ತಾರೆ. ವೈದ್ಯರು ಪಕ್ಕದಲ್ಲೇ ಇರುತ್ತಾರೆ. ಕೊನೆಯಲ್ಲಿ ರಕ್ತವನ್ನು ಪರೀಕ್ಷಿಸುತ್ತಾರೆ. ಅಮೆರಿಕದ ಹೆನ್ರಿ ಗಾಂಗ್ ಮತ್ತು ಸಂಗಡಿಗರು 1984ರಲ್ಲಿ ಇದನ್ನು ಪ್ರಕಟಿಸಿದರು. ರಕ್ತದಲ್ಲಿ ಆಮ್ಲಜನಕದ ಒತ್ತಡ 50 ಮಿಲಿಮೀಟರಿಗಿಂತ, ಅಥವಾ ಬೆರಳಿನ ಸಂಖ್ಯೆ 85ಕ್ಕಿಂತ ಕೆಳಗಿಳಿದರೆ, ವಿಮಾನದಲ್ಲಿ ಮೂಗಿನ ನಳಿಕೆಯಿಂದ ಸಾಮಾನ್ಯವಾಗಿ ನಿಮಿಷಕ್ಕೆ ಎರಡು ಲೀಟರ್ ಆಮ್ಲಜನಕ ಬೇಕೆಂದು ಬರೆಯುತ್ತಾರೆ. ಈ ಪರೀಕ್ಷೆ ಎಲ್ಲ ಊರುಗಳಲ್ಲಿ ಸಿಗುವಂಥದಲ್ಲ. ಆದ್ದರಿಂದ ಟಿಕೆಟ್ಟಿಗಿಂತ ಮೊದಲು, ಕೈಯಲ್ಲಿ ಸಮಯವಿರುವಾಗಲೇ, ಎದೆರೋಗ ತಜ್ಞರನ್ನು ಕಾಣಬೇಕು.

ತಾವು ಗಮನಿಸಿರಬಹುದು, ಇಷ್ಟೆಲ್ಲ ಪರೀಕ್ಷೆಯ ಕೊನೆಗೆ ಬಂದ ತೀರ್ಪು 'ಹೋಗಕೂಡದು' ಎಂದಲ್ಲ. 'ಇಷ್ಟು ಸಿದ್ಧತೆಯೊಂದಿಗೆ ಹೋಗಿ' ಎಂದು. ಖಂಡಿತವಾಗಿ ತಡೆಯಬೇಕಾದವರು ಕೆಲವರೇ. ಪುಪ್ಪುಸ ಒಡೆದು ಎದೆಗೂಡಿನಲ್ಲಿ ಗಾಳಿ ಸೇರಿಕೊಂಡವರು ಅವರಲ್ಲಿ ಮೊದಲಿಗರು. ಒತ್ತಡ ಇಳಿದಂತೆ ಸಿಕ್ಕಿಕೊಂಡ ಆ ಗಾಳಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಹಿಗ್ಗುತ್ತದೆ. ಅದು ಪೂರ್ತಿ ಹೋಯಿತೆಂದು ಎಕ್ಸ್‌ರೇಯಲ್ಲಿ ಕಂಡ ಮೇಲೂ ಕನಿಷ್ಠ ಒಂದು ವಾರ ಕಾಯಬೇಕು. ಹರಡುವ ಸ್ಥಿತಿಯಲ್ಲಿರುವ ಕ್ಷಯರೋಗಿ ತನಗಾಗಿ ಅಲ್ಲದಿದ್ದರೂ ಇತರರಿಗಾಗಿ ನಿಲ್ಲಬೇಕು. ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿ ಬಂದು ಆರು ವಾರ ಕಳೆಯದವರು ಮತ್ತೊಮ್ಮೆ ಪರೀಕ್ಷೆಗೆ ಒಳಗಾಗಬೇಕು.

ಇನ್ನು ಸರ್ಟಿಫಿಕೇಟಿನ ಮಾತು. ಈ ಒಂದು ತುಂಡು ಕಾಗದದ ಸುತ್ತ ನಡೆಯುವ ನಾಟಕ ನನಗೆ ಎಂದೂ ಹಿಡಿಸಿಲ್ಲ. ಮನೆಯವರಿಗೆ ಒಂದು ಹೆದರಿಕೆ: ಕಾಯಿಲೆಯನ್ನು ಹೇಳಿದರೆ ವಿಮಾನದವರು ಹತ್ತಿಸಿಕೊಳ್ಳಲಾರರು, ಟಿಕೆಟ್ಟಿನ ಹಣ ಮುಳುಗುತ್ತದೆ, ಮಗಳ ಹೆರಿಗೆಯ ದಿನ ಮೀರುತ್ತದೆ. ಆದ್ದರಿಂದ ಮುಚ್ಚಿಡುತ್ತಾರೆ, "ಕೆಮ್ಮಬ್ಯಾಡವ್ವ" ಎಂದು ತಾಯಿಗೆ ಪಾಠ ಹೇಳಿಕೊಡುತ್ತಾರೆ. ವೈದ್ಯರಲ್ಲಿಯೂ ದಾಕ್ಷಿಣ್ಯಕ್ಕೆ ಸಿಕ್ಕಿ, ಎದೆಗೆ ನಳಿಕೆಯಿಟ್ಟ ಶಾಸ್ತ್ರ ಮುಗಿಸಿ, 'ಫಿಟ್ ಟು ಫ್ಲೈ' ಎಂಬ ಮೂರು ಪದ ಗೀಚುವವರಿದ್ದಾರೆ. ಆ ಮೂರು ಪದಗಳಿಂದ ತಾಯಿಯ ರಕ್ತಕ್ಕೆ ಒಂದು ಗುಟುಕು ಆಮ್ಲಜನಕವೂ ಸೇರುವುದಿಲ್ಲ. ಅದರ ಬದಲು ವಿಮಾನ ಸಂಸ್ಥೆಗಳೇ ಕೊಡುವ 'ಮೆಡಿಫ್' ಎಂಬ ನಮೂನೆಯಿದೆ. ಅದರಲ್ಲಿ ವೈದ್ಯರು ಕಾಯಿಲೆಯನ್ನೂ ಬೇಕಾದ ಆಮ್ಲಜನಕವನ್ನೂ ಬರೆದು ಕೊಟ್ಟರೆ ಸಂಸ್ಥೆಯ ವೈದ್ಯ ವಿಭಾಗ ನೋಡಿ ಒಪ್ಪಿಗೆ ಕೊಡುತ್ತದೆ. ಹೊರಡುವ ಎರಡು ಮೂರು ದಿನ ಮೊದಲಾದರೂ ಅದು ಅವರ ಕೈ ಸೇರಬೇಕು. ಕೆಲವು ಸಂಸ್ಥೆಗಳು ಇನ್ನೂ ಹೆಚ್ಚಿನ ಅವಧಿ ಕೇಳುತ್ತವೆ. ಹೇಳಿದವರನ್ನು ತಡೆಯುವುದಕ್ಕಿಂತ, ಹೇಳದೆ ಬಂದು ಬಾಗಿಲಲ್ಲಿ ಏದುಸಿರು ಬಿಡುವವರನ್ನು ಕೆಳಗಿಳಿಸುವ ಸಂಭವವೇ ಹೆಚ್ಚು.

ಕಷ್ಟವಾದರೆ ತಲೆಯ ಮೇಲಿಂದ ಹಳದಿ ಮುಖವಾಡ ಬೀಳುತ್ತದಲ್ಲ ಎನ್ನುವವರೂ ಉಂಟು. ಅದು ವಿಮಾನದೊಳಗಣ ಒತ್ತಡವೇ ಕುಸಿದಾಗ, ಚಾಲಕರು ಕೆಳಗಿಳಿಸುವ ತನಕ, ಎಲ್ಲರಿಗೂ ಹನ್ನೆರಡು ಹದಿನೈದು ನಿಮಿಷ ಒದಗುವ ವ್ಯವಸ್ಥೆ. ಒಬ್ಬ ರೋಗಿಗೆ ರಾತ್ರಿಯಿಡೀ ಉಣಿಸುವ ಬಟ್ಟಲಲ್ಲ. ವಿಮಾನದಲ್ಲಿ ಕಾಯಿಲೆ ಬೀಳುವುದು ಅತಿ ಅಪರೂಪವೂ ಅಲ್ಲ, ದಿನನಿತ್ಯದ ಮಾತೂ ಅಲ್ಲ. 2008ರಿಂದ 2010ರವರೆಗೆ ಐದು ವಿಮಾನ ಸಂಸ್ಥೆಗಳಿಂದ ಬಂದ ಸುಮಾರು ಹನ್ನೆರಡು ಸಾವಿರ ತುರ್ತು ಕರೆಗಳನ್ನು ಅಮೆರಿಕದ ವೈದ್ಯರು ಪರಿಶೀಲಿಸಿದಾಗ, 604 ಹಾರಾಟಗಳಿಗೆ ಒಂದರಂತೆ ಅಂಥ ಪ್ರಸಂಗ ಬಂದಿತ್ತು. ಅವುಗಳಲ್ಲಿ ನೂರಕ್ಕೆ ಹನ್ನೆರಡು ಉಸಿರಾಟದ ತೊಂದರೆಗಳು. ಸತ್ತವರು ಸಾವಿರಕ್ಕೆ ಮೂವರು.

ಸಿದ್ಧತೆಯ ವಿವರಗಳು ಸಣ್ಣವು, ಆದರೆ ಮರೆತರೆ ದೊಡ್ಡವಾಗುತ್ತವೆ. ಸ್ವಂತ ಆಮ್ಲಜನಕದ ಸಿಲಿಂಡರನ್ನು ಹೆಚ್ಚಿನ ಸಂಸ್ಥೆಗಳು ಒಳಗೆ ಬಿಡುವುದಿಲ್ಲ. ಸುತ್ತಲ ಗಾಳಿಯಿಂದಲೇ ಆಮ್ಲಜನಕವನ್ನು ಹಿಂಡಿ ಕೊಡುವ ಕೈಯಂತ್ರಕ್ಕೆ ಮೊದಲೇ ಒಪ್ಪಿಗೆ ಪಡೆದು ಒಯ್ಯಬಹುದು. ಅದರ ಬ್ಯಾಟರಿ ಪ್ರಯಾಣದ ಅವಧಿಯ ಒಂದೂವರೆ ಪಟ್ಟು ಬಾಳಬೇಕು. ವಿಮಾನ ತಡವಾಗುವುದು ಹೊಸ ಸಂಗತಿಯೇನಲ್ಲ. ಇನ್‌ಹೇಲರು ಕೈಚೀಲದಲ್ಲಿರಲಿ, ಹೊಟ್ಟೆಯ ಸರಕಿಗೆ ಹಾಕಿದ ಪೆಟ್ಟಿಗೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿಯ ನಡುವೆ ಅಲ್ಲ. ಗಾಲಿಕುರ್ಚಿಯನ್ನು ನಾಚಿಕೊಳ್ಳದೆ ಕೇಳಬೇಕು. ದೊಡ್ಡ ನಿಲ್ದಾಣಗಳಲ್ಲಿ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಇರುವ ದೂರ ಅರ್ಧ ಊರಿನಷ್ಟು. ಆಯ್ಕೆಯಿದ್ದರೆ, 2011ರಿಂದ ಸಂಚಾರಕ್ಕೆ ಬಂದ ಡ್ರೀಮ್‌ಲೈನರಿನಂಥ ವಿಮಾನ ಮೇಲು; ಅದರ ಒಳಗಿನ ಗಾಳಿ 6000 ಅಡಿಯ ಮಟ್ಟವನ್ನು ಮೀರದು.

ಕೊನೆಯದಾಗಿ, ಎಲ್ಲರೂ ಮರೆಯುವ ಒಂದು ಸಂಗತಿ: ಮರಳಿ ಬರುವ ಟಿಕೆಟ್ಟು. ಹೋಗುವಾಗಿನ ಏರ್ಪಾಡು ಬರುವಾಗ ತಾನಾಗಿ ಒದಗುವುದಿಲ್ಲ. ನಮೂನೆಯನ್ನು ಮತ್ತೆ ತುಂಬಬೇಕು, ಆಮ್ಲಜನಕವನ್ನು ಮತ್ತೆ ಕೇಳಬೇಕು. ಆರು ತಿಂಗಳು ಅಲ್ಲಿಯ ಚಳಿಯಲ್ಲಿ ಕಳೆದ ತಾಯಿಯ ಎದೆ ಹೊರಟ ದಿನದ ಎದೆಯಾಗಿರದು. ಬಾಣಂತನ ಮುಗಿದು, ಮಗುವಿಗೆ ಹೆಸರಿಟ್ಟು ಆದ ಮೇಲೆ, ಆ ಊರಿನ ವೈದ್ಯರಲ್ಲಿ ಇನ್ನೊಮ್ಮೆ ಅಳೆಯಿಸಿಕೊಳ್ಳಲು ಮಗಳು ಈಗಲೇ ಒಂದು ದಿನವನ್ನು ಗೊತ್ತುಮಾಡಿಡಬೇಕು.